ಸೇತುವೆಯಲ್ಲಿ ಡ್ರೈವರು ಬದಲಾಗುತ್ತಿದ್ದ ವರ್ಷ

ಒದ್ದೆ ಇದ್ದಲಿಗೆ ಬೆಂಕಿ ತಾಗಿದಾಗ ಒಂದು ವಾಸನೆ ಬರುತ್ತದೆ. ಗಂಟಲ ಹಿಂಭಾಗಕ್ಕೆ ಹೋಗಿ ಕೂರುವ ವಾಸನೆ. ಮೊನ್ನೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಸ್ತ್ರಿಯವನೊಬ್ಬ ಮಳೆಗೆ ನೆನೆದ ಇದ್ದಲನ್ನು ಪೆಟ್ಟಿಗೆಗೆ ತುಂಬಿ ಊದುತ್ತಿದ್ದ. ನಾನು ತೀರಿಹೋದ ಜೈನಾಬಿಯ ನಲವತ್ತನೇ ದಿನದ ಊಟ ಮುಗಿಸಿಕೊಂಡು ಮಳವಳ್ಳಿಗೆ ಹೊರಟಿದ್ದೆ. ಹೊಗೆ ಮುಖಕ್ಕೆ ಹೊಡೆದದ್ದೇ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತೆ. ಮಗ ಶಿವಣ್ಣ, "ಯಾಕವ್ವಾ, ಸುಸ್ತಾಯ್ತಾ?" ಅಂದ. ಸುಸ್ತಲ್ಲ, ಹೆದರಿಕೆ. ಆ ವಾಸನೆಗೆ ಇವತ್ತಿಗೂ ನನ್ನ ಮೈ ಮೊದಲು ಹೆದರುತ್ತದೆ, ಯಾಕೆ ಹೆದರಿದೆ ಎನ್ನುವುದು ಆಮೇಲೆ ನೆನಪಾಗುತ್ತದೆ.

ಬಸ್ಸು ಹೊರಟು ಶಿವನಸಮುದ್ರದ ಹತ್ತಿರ ಹೊಸ ಸೇತುವೆ ದಾಟಿತು. ಡ್ರೈವರು ವೇಗ ಕೂಡ ತಗ್ಗಿಸಲಿಲ್ಲ. ಪಕ್ಕದಲ್ಲಿ ಹಳೆಯ ಕಲ್ಲು ಸೇತುವೆ ನೀರಿನಲ್ಲಿ ಸಾಲು ಕಂಬ ಊರಿಕೊಂಡು ನಿಂತಿತ್ತು. ಬಸ್ಸಿನಲ್ಲಿದ್ದವರು ಯಾರೂ ಅತ್ತ ತಿರುಗಲಿಲ್ಲ. ಅಲ್ಲಿ ಒಂದು ವರ್ಷ ದಿನವೂ ಎರಡು ಬಸ್ಸು ಎದುರುಬದುರಾಗಿ ನಿಲ್ಲುತ್ತಿದ್ದವು, ಡ್ರೈವರುಗಳು ಇಳಿದು ಒಬ್ಬರ ಜಾಗದಲ್ಲಿ ಇನ್ನೊಬ್ಬರು ಹತ್ತಿ ಕೂರುತ್ತಿದ್ದರು ಎಂದರೆ ಈಗ ಯಾರಿಗೂ ಅರ್ಥವಾಗಲಿಕ್ಕಿಲ್ಲ. ನನಗೆ ಅದನ್ನು ಬರೆದಿಡಬೇಕು ಅನ್ನಿಸಿತು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಬರೆಯುವುದರಲ್ಲಿ ಏನಾದರೂ ಹಿಂದುಮುಂದಾದರೆ ಓದುವವರು ಸೈರಿಸಿಕೊಳ್ಳಬೇಕು.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು, ಬಟ್ಟೆಗೆ ಸಾಲು. ಪೆಟ್ರೋಲೆಲ್ಲ ಸಿಪಾಯಿಗಳ ಕಡೆಗೆ ಹೋಗುತ್ತಿತ್ತು, ನಮ್ಮ ಸೀಮೆಯ ಬಸ್ಸುಗಳು ಇದ್ದಲಿನ ಮೇಲೆ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಕಬ್ಬಿಣದ ಉದ್ದನೆಯ ಹಂಡೆ. ಅದಕ್ಕೆ ಇದ್ದಲು ತುಂಬಿ ಬೆಂಕಿ ಹಾಕಿ, ಕಂಡಕ್ಟರು ಪಕ್ಕದ ಹಿಡಿ ತಿರುಗಿಸಿ ಗಾಳಿ ಊದಿದರೆ, ಆ ಹೊಗೆಯ ಬಲದಿಂದ ಎಂಜಿನ್ನು ಏಳುತ್ತಿತ್ತು. ಏರು ಬಂದರೆ ಉಬ್ಬಸ ಹತ್ತಿದವರ ಹಾಗೆ ಕೆಮ್ಮಿ ನಿಲ್ಲುತ್ತಿತ್ತು. ಆಗ ಗಂಡಸರೆಲ್ಲ ಇಳಿದು ತಳ್ಳಬೇಕು. ಕಂಡಕ್ಟರು ಹಿಂದೆ ನಿಂತು ಕೆಂಪು, ಹಸಿರು ಬಾವುಟ ಎತ್ತಿ ಡ್ರೈವರಿಗೆ ನಿಲ್ಲು, ಹೋಗು ಎಂದು ತೋರಿಸುತ್ತಿದ್ದ.

ನಮ್ಮವರು ಮಳವಳ್ಳಿಯ ಸಾಹುಕಾರರೊಬ್ಬರ ಬಸ್ಸಿಗೆ ಡ್ರೈವರು. ಅವರ ಹೆಸರು ಬಾಯಲ್ಲಿ ಹೇಳಿ ನನಗೆ ಅಭ್ಯಾಸವಿಲ್ಲ, ಬರೆಯುತ್ತೇನೆ: ನಂಜೇಗೌಡ. ಶಿವಣ್ಣ ಆಗಿನ್ನೂ ಎದೆಹಾಲು ಬಿಟ್ಟಿರಲಿಲ್ಲ. ಬಸ್ಸಿನ ದಾರಿ ಮದ್ದೂರಿನ ರೈಲು ಸ್ಟೇಷನ್ನಿನಿಂದ ಮಳವಳ್ಳಿ, ಮಳವಳ್ಳಿಯಿಂದ ಕಾವೇರಿಯ ಈಚೆ ದಡ. ಅಲ್ಲಿಗೆ ಮೈಸೂರು ಸೀಮೆ ಮುಗಿಯುತ್ತಿತ್ತು. ಶಿವನಸಮುದ್ರದ ಬಳಿ ಹೊಳೆ ಎರಡು ಕವಲಾಗಿ ನಡುವೆ ದೊಡ್ಡ ನಡುಗಡ್ಡೆ ಮಾಡುತ್ತದೆ. ಒಂದೊಂದು ಕವಲಿಗೂ ಒಂದೊಂದು ಕಲ್ಲು ಸೇತುವೆ. ನಮ್ಮ ಕಡೆಯ ಸೇತುವೆ ದಾಟಿ ನಡುಗಡ್ಡೆಗೆ ಕಾಲಿಟ್ಟರೆ ಅದು ಮದ್ರಾಸಿಗೆ ಸೇರಿದ್ದು, ಇಂಗ್ಲಿಷರ ಆಡಳಿತ. ಅದರಾಚೆಯ ಕೊಳ್ಳೇಗಾಲವೂ ಆಗ ಅವರದ್ದೇ. ಮಾತು ಒಂದೇ, ಮುದ್ದೆ ಒಂದೇ, ಹೆಣ್ಣು ಕೊಟ್ಟು ತರುವುದೂ ಅಲ್ಲಿಗೇ. ಆದರೂ ಅದು ಬೇರೆ ಸರ್ಕಾರ.

ಬೆಲ್ಲ ದಾಟುತ್ತಿತ್ತು, ರೇಷ್ಮೆಗೂಡು ದಾಟುತ್ತಿತ್ತು, ಸುಂಕ ಕಟ್ಟಿದರೆ ದನಕರುವೂ ದಾಟುತ್ತಿದ್ದವು. ದಾಟಲಾಗದೆ ನಿಂತದ್ದು ಕೆಲವರ ಕೆಲಸ ಮಾತ್ರ. ಸೂಲಗಿತ್ತಿಯನ್ನು ಯಾರೂ ತಡೆಯುತ್ತಿರಲಿಲ್ಲ, ಕ್ಷೌರದವನನ್ನು ಯಾರೂ ಕೇಳುತ್ತಿರಲಿಲ್ಲ. ಯಾರ ಕೆಲಸಕ್ಕೆ ಸರ್ಕಾರ ಬಿಲ್ಲೆಯನ್ನೋ ಸರ್ಟಿಫಿಕೇಟನ್ನೋ ಕೊಟ್ಟಿತ್ತೋ ಅವರು ಮಾತ್ರ ಸೇತುವೆಯ ಬಳಿ ನಿಲ್ಲಬೇಕಿತ್ತು. ನಮ್ಮವರ ಎದೆಯ ಮೇಲಿದ್ದ ಡ್ರೈವರ್ ಬಿಲ್ಲೆ ಸೇತುವೆಯ ಆ ತುದಿಯಲ್ಲಿ ಬರೀ ಹಿತ್ತಾಳೆ.

ಅದಕ್ಕೇ ಮೊದಲೆಲ್ಲ ಜನ ಈಚೆ ದಡದಲ್ಲಿ ಇಳಿದು, ಗಂಟುಮೂಟೆ ಹೊತ್ತು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಸೇತುವೆಯ ಮೇಲೆ ನಡೆದು ಆಚೆ ನಿಂತಿದ್ದ ಕೊಳ್ಳೇಗಾಲದ ಬಸ್ಸು ಹತ್ತುತ್ತಿದ್ದರು. ಮಳೆಗಾಲದಲ್ಲಿ ಬಾಣಂತಿಯರು ನೆನೆದುಕೊಂಡು ನಡೆಯುವುದನ್ನು ನೋಡಲಾಗುತ್ತಿರಲಿಲ್ಲ. ಆ ವರ್ಷ ಎರಡೂ ಕಡೆಯ ಬಸ್ಸಿನ ಯಜಮಾನರು ಕೂತು ಒಂದು ಮಾತಿಗೆ ಬಂದರು. ಎರಡು ಸರ್ಕಾರಗಳಿಂದಲೂ ಒಂದು ವರ್ಷದ ಮಟ್ಟಿಗೆ ಒಪ್ಪಿಗೆ ತಂದರು. ಬಸ್ಸು ದಾಟಬಹುದು, ಜನ ಕೂತಲ್ಲೇ ಕೂತಿರಬಹುದು. ಡ್ರೈವರು ಮಾತ್ರ ದಾಟಕೂಡದು. ಬೆಳಗ್ಗೆ ನಮ್ಮವರು ಮಳವಳ್ಳಿಯ ಬಸ್ಸನ್ನು ಸೇತುವೆಯವರೆಗೆ ಒಯ್ಯುವುದು. ಕೊಳ್ಳೇಗಾಲದ ಡ್ರೈವರು ತನ್ನ ಬಸ್ಸನ್ನು ಸೇತುವೆ ದಾಟಿಸಿ ಈಚೆ ದಡದ ಗೋಣಿಮರದ ಕೆಳಗೆ ತಂದು ನಿಲ್ಲಿಸುವುದು, ಆ ಮರದವರೆಗೆ ಮಾತ್ರ ಆತನಿಗೆ ವಿನಾಯಿತಿ. ಅಲ್ಲಿ ಇಬ್ಬರೂ ಜಾಗ ಬದಲಿಸಿ, ಆತ ನಮ್ಮ ಬಸ್ಸನ್ನು ಕೊಳ್ಳೇಗಾಲಕ್ಕೆ, ನಮ್ಮವರು ಅವರ ಬಸ್ಸನ್ನು ಮಳವಳ್ಳಿ ಮೇಲೆ ಮದ್ದೂರಿಗೆ. ಸಂಜೆ ಅದೇ ಮರದ ಕೆಳಗೆ ಮತ್ತೆ ಬದಲು. ವರ್ಷವಿಡೀ ಒಂದು ದೂರೂ ಬರದಿದ್ದರೆ ಡ್ರೈವರುಗಳಿಗೂ ಎರಡು ಕಡೆಯ ಬಿಲ್ಲೆ ಕೊಡಿಸುತ್ತೇವೆ ಎಂದು ಯಜಮಾನರು ಆಸೆ ಹುಟ್ಟಿಸಿದ್ದರು.

ಕೊಳ್ಳೇಗಾಲದ ಡ್ರೈವರು ಇಮಾಂ ಸಾಬರು. ಜಾಗ ಬದಲಿಸುವಾಗ ಇಬ್ಬರಿಗೂ ದಿನಾ ಒಂದು ಬೈಗುಳ ಆಗಲೇಬೇಕು. ನಮ್ಮವರು ಮನೆಗೆ ಬಂದು ನಗುತ್ತಾ ಹೇಳುತ್ತಿದ್ದರು.

"ನಿಮ್ ಬಸ್ಸು ಎಮ್ಮೆ ಕಣಣ್ಣ, ಬಾಲ ತಿರುವುದ್ರೇ ಏಳದು ಅಂತಾನೆ ಸಾಬಿ. ನಾನಂದೆ, ನಿಂದು ಕತ್ತೆ ಕಣ್ಲಾ, ಏಳ್ತದೆ, ಆದ್ರೆ ಇಂದಕ್ಕೆ ಒದೀತದೆ."

ನಾನು ನಗುತ್ತಿರಲಿಲ್ಲ. ಆ ವರ್ಷ ನಾನು ನಕ್ಕದ್ದು ಕಡಿಮೆ. ತಮ್ಮ ಕೈಗೆ ಪಳಗಿದ ಬಸ್ಸನ್ನು ಬಿಟ್ಟು ಅರ್ಧ ದಿನ ಇನ್ನೊಬ್ಬರ ಬಸ್ಸು ಓಡಿಸುತ್ತಾರಲ್ಲ, ಅದರ ಬ್ರೇಕು ಹೇಗೋ ಏನೋ ಎಂದು ಬೆಳಗಿನಿಂದಲೇ ಬೀದಿಯ ಕಡೆ ಕಿವಿಯಿಟ್ಟಿರುತ್ತಿದ್ದೆ. ಕೊಳ್ಳೇಗಾಲದ ಬಸ್ಸು ಮದ್ದೂರಿಗೆ ಹೋಗುವಾಗ ನಮ್ಮ ಬೀದಿಯ ತಲೆಯಲ್ಲಿ ಹಾಯುತ್ತಿತ್ತು. ಅಲ್ಲಿ ಅವರು ಎರಡು ಸಲ ಹಾರನ್ ಒತ್ತುತ್ತಿದ್ದರು. ಅದು ಕೇಳಿದ ಮೇಲೆ ನಾನು ಉಣ್ಣುತ್ತಿದ್ದೆ.

ಆಷಾಢ ಬಂತು. ನಮ್ಮಲ್ಲಿ ಬರೀ ಗಾಳಿ, ತುಂತುರು. ಆದರೆ ನಮ್ಮ ಹೊಳೆ ನಮ್ಮ ಮಳೆಯನ್ನು ಕೇಳಿ ಉಕ್ಕುವುದಿಲ್ಲ. ಎಲ್ಲೋ ಮೇಲಿನ ಸೀಮೆಯಲ್ಲಿ ಸುರಿದದ್ದು ಇಲ್ಲಿಗೆ ಕೆಂಪಾಗಿ ಬರುತ್ತದೆ. ಆ ದಿನ ಬಿಸಿಲೂ ಇತ್ತು. ರಾಗಿ ಪೈರಿನ ಕಡೆ ಹೋಗಿದ್ದ ಹೆಂಗಸರು ಮನೆಗೆ ಬಂದರು, ಉಣ್ಣುವ ಹೊತ್ತಾಯಿತು, ಹಾರನ್ ಕೇಳಲಿಲ್ಲ. ಬಸ್ಸು ಕೆಟ್ಟಿರಬೇಕು ಅಂದುಕೊಂಡೆ. ಮಗುವನ್ನು ಮಲಗಿಸಿದೆ. ಮತ್ತೆ ಬೀದಿ ತಲೆಗೆ ಹೋಗಿ ನಿಂತೆ. ಆಗ ಹೊಳೆ ಕಡೆಯಿಂದ ಸೌದೆ ಗಾಡಿ ಹೊಡೆದುಕೊಂಡು ಬರುತ್ತಿದ್ದವನು ಎತ್ತು ನಿಲ್ಲಿಸದೆಯೇ ಕೂಗಿದ.

"ಕೊಳ್ಳೇಗಾಲದ್ ಬಸ್ಸು ಒಳೆತಾವ ಉರುಳ್ತಂತೆ! ಡ್ರೈವರ್‍ಗೆ ಬೋ ಏಟಾಗ್ಯದಂತೆ!"

ನೆರೆಮನೆಯ ಕೆಂಪಮ್ಮ ನನ್ನ ಪಕ್ಕದಲ್ಲೇ ಇದ್ದಳು. ಎದೆ ಹಿಡಿದುಕೊಂಡವಳು ಉಸಿರು ಬಿಟ್ಟು ನನ್ನ ಭುಜ ತಟ್ಟಿದಳು. "ಅಬ್ಬ, ಬುಡು ಕಣಮ್ಮ. ಕೊಳ್ಳೇಗಾಲದ್ದಂತೆ. ನಿಮ್ದಲ್ಲ. ಮಾರವ್ವ ಕಣ್ ಬುಟ್ಲು." ಇನ್ನಿಬ್ಬರು ಹೆಂಗಸರು ಬಂದರು. ಅವರೂ ಅದನ್ನೇ ಹೇಳಿದರು. ಒಬ್ಬಳು ಒಳಗೆ ಹೋಗಿ ನನ್ನ ಪರವಾಗಿ ದೇವರಿಗೆಂದು ತೆಂಗಿನಕಾಯಿ ತಂದಳು. "ಪಾಪ, ಆ ಸಾಬ್ರೆಡ್ತಿ ಗತಿ ಏನೋ," ಅಂದಳು ಇನ್ನೊಬ್ಬಳು.

ಆ ಹೊತ್ತಿನಲ್ಲಿ ಕೊಳ್ಳೇಗಾಲದ ಬಸ್ಸಿನಲ್ಲಿ ಕೂತಿರುತ್ತಿದ್ದವರು ನಮ್ಮವರು. ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾರ ತಲೆಗೂ ಬಂದಿರಲಿಲ್ಲ. ಬಸ್ಸಿನ ಹೆಸರು ಕೇಳಿ ಅವರು ನನ್ನ ಕೈಗೆ ಕಾಯಿ ಕೊಡುತ್ತಿದ್ದರು. ಕೊನೆಗೆ ಕೆಂಪಮ್ಮನೇ ನನ್ನ ಮುಖ ನೋಡಿ, "ಯಾಕಮ್ಮ ಇಂಗಾಡೀಯೆ..." ಎಂದವಳು ಅಲ್ಲಿಗೇ ನಿಲ್ಲಿಸಿ, "ಅಯ್ಯೋ ಸಿವ್ನೆ," ಅಂದಳು.

ಮಗುವನ್ನು ಅವಳ ಮಡಿಲಿಗೆ ಹಾಕಿ ಹೊರಟೆ. ಮೈದುನ ಮರಿಯಪ್ಪ ಹಿಪ್ಪುನೇರಳೆ ತೋಟದಿಂದ ಓಡಿಬಂದ. ಒಂದು ಜಟಕಾ ಸಿಕ್ಕಿತು. ದಾರಿಯುದ್ದಕ್ಕೂ ನಾನು ಎದುರು ಬಂದವರನ್ನೆಲ್ಲ ಕೇಳಿದ್ದು ಒಂದೇ: ಬಸ್ಸು ಬಿದ್ದದ್ದು ಹೊಳೆಯ ಯಾವ ಕಡೆ? ಈಚೆ ಅಂದರೆ ಬದಲಿ ಆದ ಮೇಲೆ, ನಮ್ಮವರು. ಆಚೆ ಅಂದರೆ ಬದಲಿಗೆ ಮೊದಲು, ಇಮಾಂ ಸಾಬರು. ಒಬ್ಬ ಈಚೆ ಅಂದ, ಒಬ್ಬ ಆಚೆ ಅಂದ. ಒಬ್ಬ ಮುದುಕ, "ಒಳೇಗೆ ಈಚೆ ಯಾವ್ದು ಆಚೆ ಯಾವ್ದು ತಾಯಿ, ಬಿದ್ದೋರ್ಗೆ ಎಲ್ಲ ಒಂದೇಯ," ಅಂದ. ಮರಿಯಪ್ಪ ಅವನಿಗೆ ಬೈದ. ನಾನು ಆ ಸಾಬರ ಹೆಂಡತಿಯನ್ನು ನೋಡಿದವಳೇ ಅಲ್ಲ. ಆದರೆ ನನಗೆ ಒಳ್ಳೆಯದು ಅಂದರೆ ಅವಳಿಗೆ ಕೆಟ್ಟದ್ದು ಎಂಬುದು ಮನಸ್ಸಿನಿಂದ ಹೋಗಲಿಲ್ಲ. ದೇವರಿಗೆ ಏನೆಂದು ಬೇಡಿಕೊಳ್ಳುವುದು? ಗಾಡಿಯ ಗಳು ಹಿಡಿದುಕೊಂಡು ಬರೀ "ದೇವ್ರೆ, ದೇವ್ರೆ" ಎನ್ನುತ್ತಿದ್ದೆ.

ಗೋಣಿಮರ ಕಂಡಿತು. ಅದರ ಕೆಳಗೆ ನಮ್ಮ ಮಳವಳ್ಳಿಯ ಬಸ್ಸು ನಿಂತಿತ್ತು. ಒಂದು ಗೀರೂ ಇರಲಿಲ್ಲ. ಜನ ನೆರಳಿನಲ್ಲಿ ಕೂತಿದ್ದರು. ಮರಿಯಪ್ಪ ಗಾಡಿಯಿಂದ ಹಾರಿ ಕೂಗಿದ: "ಅತ್ಗೆ, ಬದ್ಲಿ ಆಗೇ ಇಲ್ಲ ಕಣತ್ಗೆ! ಅಣ್ಣ ಬಚಾವು!"

ನಾನು ಡ್ರೈವರ್ ಸೀಟಿನ ಬಳಿಗೆ ಹೋಗಿ ನೋಡಿದೆ. ಕಂಬಳಿ ಇತ್ತು. ತಂಬಿಗೆ ಇತ್ತು. ಅವರಿರಲಿಲ್ಲ.

ಮರದ ಪಕ್ಕದಲ್ಲಿ ಟೀ ಹೋಟೆಲು ಇಟ್ಟಿದ್ದ ಅಯ್ಯನವರು ತಲೆ ತಗ್ಗಿಸಿಕೊಂಡು ಹೇಳಿದರು. ಕೊಳ್ಳೇಗಾಲದ ಬಸ್ಸು ನಡುಗಡ್ಡೆಯ ಮೇಲೆ, ಸೇತುವೆಗೆ ಮುಂಚಿನ ಏರಿನಲ್ಲಿ ಉಸಿರು ಕಟ್ಟಿ ನಿಂತಿತ್ತು. ಇಮಾಂ ಸಾಬರು ಆ ದಡದಿಂದ ಕೈ ಬೀಸಿ ಕರೆದರು. ಹೊಳೆ ಆಗಲೇ ಸೇತುವೆಯ ಕಲ್ಲನ್ನು ಮುಟ್ಟುತ್ತಿತ್ತು. ಕಂಡಕ್ಟರ್ ಬೇಡ ಅಂದ. ನಮ್ಮವರು, "ಚಕ್ರ ಇಡೀಬಾರ್ದು ಅಂತ ತಾನೆ ಕಾಯ್ದೆ ಇರದು? ಕಲ್ಲು ಇಡೀಬಾರ್ದು ಅಂತ ಇಲ್ವಲ್ಲ," ಎಂದು ನಕ್ಕು ನಡೆದುಹೋದರಂತೆ. ಅಲ್ಲಿ ಜನ ತಳ್ಳುವಾಗ ಇವರು ಹಿಂದಿನ ಚಕ್ರಕ್ಕೆ ಅಡ್ಡಗಲ್ಲು ಕೊಡುತ್ತಿದ್ದರು. ನೆಲ ಒದ್ದೆ, ಕಲ್ಲು ಜಾರಿತು, ಬಸ್ಸು ಹಿಂದಕ್ಕೆ ಉರುಳಿ ಇವರನ್ನು ಬಂಡೆಗೆ ಒತ್ತಿತು. ಅದಾದ ಗಳಿಗೆಯಲ್ಲೇ ನೀರು ಸೇತುವೆಯ ಮೇಲೆ ಹರಿಯಿತು.

"ಜೀವ ಅದೆ ಕಣಮ್ಮ, ದರ್ಗದ ಜಗಲಿ ಮೇಲೆ ಮಲಗ್ಸವ್ರೆ," ಅಂದರು ಅಯ್ಯನವರು. "ಆದ್ರೆ ಎರಡು ಸೇತ್ವೆ ಮೇಲೂ ನೀರು. ಅತ್ತಗೂ ಓಗಂಗಿಲ್ಲ, ಇತ್ತಗೂ ಬರಂಗಿಲ್ಲ."

ಸೇತುವೆ ಇದ್ದ ಜಾಗದಲ್ಲಿ ಒಂದು ಕೆಂಪು ಬೆನ್ನು ಏಳುತ್ತಾ ಬೀಳುತ್ತಾ ಹೋಗುತ್ತಿತ್ತು, ಅಷ್ಟೆ. ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆಚೆ ದಡದಲ್ಲಿ ದರ್ಗದ ಬಿಳಿ ಗೋಡೆ, ಒಂದಷ್ಟು ಜನ, ಇರುವೆಯ ಹಾಗೆ. ನಾನು ಹೆಸರು ಹಿಡಿದು ಕೂಗಿದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಕೂಗಿದ್ದು ಅದೊಂದೇ ಸಲ. ಹೊಳೆ ಅದನ್ನು ಅಲ್ಲಿಗೆ ಹೋಗಗೊಡಲಿಲ್ಲ.

ಮರಿಯಪ್ಪ ಜಟಕಾ ಹತ್ತಿ ಡಾಕ್ಟರನ್ನು ಕರೆತರಲು ಹೋದ. ಅಂಬಿಗರ ಬೋರ ಎಂಬುವನು, ಗಟ್ಟಿ ಆಸಾಮಿ, ಸಂಜೆಗೆ ಕೆಳಗಡೆ ನೀರು ಹರಡಿಕೊಂಡಿದ್ದ ಕಡೆ ಹರಿಗೋಲು ಹಾಕಿ ಒಬ್ಬನೇ ಹೋಗಿ ಬಂದ. ಬಂದವನು ನಡುಗುತ್ತಿದ್ದ.

"ಮಾತಾಡ್ತಾವ್ರೆ. ಸೊಂಟದಿಂದ ಕೆಳಗೆ ಸ್ವಾದೀನ ಇಲ್ಲ. ಸಾಬ್ರೆಡ್ತಿ ಪಕ್ಕದಲ್ಲಿ ಕುಂತವ್ಳೆ, ಬಾಯ್ಗೆ ನೀರು ಬುಡ್ತಾವ್ಳೆ."

ಇಮಾಂ ಸಾಬರ ಹೆಂಡತಿ ಅವತ್ತು ಹರಕೆಗೆಂದು ಅದೇ ಬಸ್ಸಿನಲ್ಲಿ ದರ್ಗಕ್ಕೆ ಬಂದಿದ್ದಳಂತೆ. ಇಮಾಂ ಸಾಬರು ಕೊಳ್ಳೇಗಾಲದ ಡಾಕ್ಟರನ್ನು ಕರೆಯಲು ಆ ಕಡೆಯ ಕವಲಿನ ದಡಕ್ಕೆ ಓಡಿದ್ದರು. ಬಸ್ಸಿನವರೆಲ್ಲ ಅವರ ಹಿಂದೆ ಹೋಗಿ ಅಲ್ಲೇ ನಿಂತುಬಿಟ್ಟಿದ್ದರು. ನಾನು ಬೋರನ ಕಾಲು ಹಿಡಿದೆ, ನನ್ನನ್ನು ದಾಟಿಸು ಎಂದು. ಅವನು ಕಾಲು ಹಿಂದಕ್ಕೆಳೆದುಕೊಂಡ. "ಇನ್ ನಾನು ಇವತ್ತು ಅರಗೋಲು ಆಕಾಕಿಲ್ಲ ಕಣವ್ವ. ಕತ್ತಲಾಯ್ತದೆ. ನಿನ್ ಮಗೀಗೆ ನಾನೇನ್ ಏಳ್ಲಿ?" ಆಮೇಲೆ ನನ್ನ ಮುಖ ನೋಡಿ ಹೇಳಿದ: "ಆ ವಮ್ಮನ್ ತಾವ ಕಂಡಕ್ಟರ್ ಬಾವುಟ ಎರಡೂ ಕೊಟ್ಟು ಬಂದಿವ್ನಿ. ಬೆಳಕರಿತಿದ್ದಂಗೆ ಅಸ್ರು ಎತ್ತುದ್ರೆ ಜೀವ ಅದೆ ಅಂತ. ಕೆಂಪು ಎತ್ತುದ್ರೆ..." ಮುಂದಕ್ಕೆ ಹೇಳಲಿಲ್ಲ.

ಆ ರಾತ್ರಿ ಹೇಗೆ ಕಳೆಯಿತು ಎಂದು ಬರೆಯುವುದಕ್ಕೆ ನನಗೆ ಬರುವುದಿಲ್ಲ. ಕೂತಿದ್ದೆ, ಅಷ್ಟೆ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಕಣ್ಣು ಮುಚ್ಚಿದರೆ ಕೆಂಪು ಕಾಣುತ್ತಿತ್ತು.

ಬೆಳಕು ಹರಿಯಿತು. ದರ್ಗದ ಗೋಡೆ ಬೆಳ್ಳಗಾಯಿತು. ಅದರ ಮುಂದೆ ಒಬ್ಬಳು ಹೆಂಗಸು ಬಂದು ನಿಂತಳು. ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಕೈ ಎತ್ತಿದಳು. ಹಸಿರು.

ನಾನು ನೆಲಕ್ಕೆ ಬಿದ್ದು ಅತ್ತೆ. ಅಯ್ಯನವರು ಬಿಸಿ ಟೀ ತಂದುಕೊಟ್ಟರು. ಬೋರ ನೀರಿಗಿಳಿದು ಕಾಲಿನಲ್ಲೇ ಸೆಳೆತ ನೋಡಿ ಬಂದು, "ಒಂದ್ ಕಿತ ಓಯ್ತೀನಿ. ಡಾಕ್ಟ್ರು ಬರ್ಲಿ, ನಿಮ್ಮಿಬ್ರನ್ನೂ ಒಟ್ಗೆ ಕರ್ಕಂಡ್ ಓಯ್ತೀನಿ. ನೀನೊಬ್ಳೇ ಓಗಿ ಏನ್ ಮಾಡೀಯೆ?" ಅಂದ. ಸರಿ ಅನ್ನಿಸಿತು. ಹಸಿರು ಇತ್ತಲ್ಲ, ಕಾಯಬಹುದು ಅನ್ನಿಸಿತು.

ಡಾಕ್ಟರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಚೀಲ ಹಿಡಿದು ಇಳಿದವರೇ, "ಎಲ್ಲಿ?" ಅಂದರು. ಬೋರ ಆಚೆ ದಡ ತೋರಿಸಿದ. ಅವರ ಮುಖದ ಬಣ್ಣ ಹೋಯಿತು. ಹೊಳೆಗೆ ಹೆದರಿದರು ಅಂದುಕೊಂಡೆವು.

"ಅದು ಮದ್ರಾಸಿನವರ ಸರಹದ್ದು," ಅಂದರು.

"ಊಂ, ಅದ್ಕೇನು?" ಅಂದ ಬೋರ.

"ಅಲ್ಲಿ ನಾನು ಡಾಕ್ಟರಲ್ಲಪ್ಪ. ನನ್ನ ಸರ್ಟಿಫಿಕೇಟು ಇಲ್ಲಿಗೆ ಮಾತ್ರ. ಅಲ್ಲಿ ನಾನು ಸೂಜಿ ಚುಚ್ಚಿ, ಅವರಿಗೆ ಏನಾದರೂ ಹೆಚ್ಚುಕಡಿಮೆ ಆದರೆ, ನಾನು ಕೊಂದ ಹಾಗೆ ಲೆಕ್ಕ. ನನ್ನ ಜೊತೆ ಓದಿದವನೊಬ್ಬ ಹೀಗೇ ಹೋಗಿ ಕೆಲಸ ಕಳಕೊಂಡು ಕೂತಿದ್ದಾನೆ." ನನ್ನ ಕಡೆ ತಿರುಗಿ ಕೈಮುಗಿದರು. "ತಾಯಿ, ಅವರನ್ನು ಈಚೆ ದಡಕ್ಕೆ ತರಿಸಿ. ಈ ಮಣ್ಣಿನ ಮೇಲೆ ಇಟ್ಟ ಗಳಿಗೆಯಿಂದ ನಾನು ನೋಡ್ತೀನಿ, ಜೀವ ಕೊಟ್ಟು ನೋಡ್ತೀನಿ."

"ಸೊಂಟ ಮುರ್ದೋನ್ನ ಅರಗೋಲಲ್ಲಿ ಗಿರಗಿರ ತಿರುಗಿಸ್ಕಂಡ್ ತಂದ್ರೆ ಇಲ್ಗೆ ಬರದು ಎಣವೇಯ ಬುದ್ಧಿ," ಅಂದ ಬೋರ. "ನಾನು ದಿನಾ ದಾಟ್ತೀನಿ. ನನ್ನ ಒಬ್ನೂ ಕೇಳಕಿಲ್ಲ."

"ನಿನಗೆ ಸರ್ಟಿಫಿಕೇಟ್ ಇಲ್ಲವಲ್ಲೋ, ಅದಕ್ಕೆ," ಅಂದರು ಡಾಕ್ಟರು. ಅಳುವವರ ಹಾಗಿತ್ತು ಅವರ ದನಿ.

ಹತ್ತಿರದ ಕರೆಂಟಿನ ಆಫೀಸಿನಲ್ಲಿ ಟೆಲಿಫೋನು ಇತ್ತು. ಅಲ್ಲಿಂದ ಮಂಡ್ಯಕ್ಕೆ ಕೇಳಿ ಅಪ್ಪಣೆ ತರಿಸುತ್ತೇನೆ ಎಂದು ಡಾಕ್ಟರೇ ಚೀಟಿ ಬರೆದು ಮರಿಯಪ್ಪನನ್ನು ಓಡಿಸಿದರು. ಮಂಡ್ಯದವರು ಇನ್ಯಾರನ್ನೋ ಕೇಳಬೇಕಂತೆ. ಅವರು ಮೈಸೂರನ್ನು ಕೇಳಬೇಕಂತೆ. ಬಿಸಿಲೇರಿತು. ನಾನು ಡಾಕ್ಟರ ಕಡೆ ನೋಡಲಿಲ್ಲ, ಹೊಳೆಯ ಕಡೆಯೂ ನೋಡಲಿಲ್ಲ. ಆ ಹಸಿರನ್ನೇ ನೋಡುತ್ತಿದ್ದೆ. ಅವಳು ಆಗಾಗ ಕೈ ಸೋತು ಇಳಿಸುತ್ತಿದ್ದಳು. ಇಳಿಸಿದಾಗೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಮತ್ತೆ ಎತ್ತುತ್ತಿದ್ದಳು. ಡಾಕ್ಟರೂ ಅದನ್ನೇ ನೋಡುತ್ತಿದ್ದರು. "ಇದ್ದಾರೆ, ಇದ್ದಾರೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಹೊತ್ತು ನೆತ್ತಿಗೆ ಬಂದಾಗ ಮರಿಯಪ್ಪ ಓಡಿಬಂದು ದೂರದಿಂದಲೇ ಕೂಗಿದ: "ಓಗ್ಬೌದಂತೆ!"

ಹರಿಗೋಲು ಹತ್ತಿದೆವು. ಅದು ತಿರುಗುತ್ತಾ ಹೋಗುತ್ತದೆ. ಒಂದು ಸುತ್ತಿಗೆ ನಮ್ಮ ದಡ, ಒಂದು ಸುತ್ತಿಗೆ ಆ ದಡ. ಡಾಕ್ಟರು ಕಣ್ಣು ಮುಚ್ಚಿ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದರು. ಆ ವರ್ಷವೆಲ್ಲ ಹೆದರಿದ್ದ ನಾನು ಆ ನೀರಿನ ಮೇಲೆ ಹೆದರಲಿಲ್ಲ. ಪ್ರತಿ ಸುತ್ತಿಗೂ ಹಸಿರು ಹತ್ತಿರ ಬರುತ್ತಿತ್ತು. ಅವರಿಗೆ ಕಾಲು ಬರದಿದ್ದರೂ ಪರವಾಗಿಲ್ಲ, ಜಗಲಿಯ ಮೇಲೆ ಕೂರಿಸಿ ಸಾಕುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ. ಎಮ್ಮೆ ಕಟ್ಟಬೇಕು, ಎರಡು ಎಮ್ಮೆಯಾದರೂ ಬೇಕು ಅಂದುಕೊಂಡೆ.

ದಡದಲ್ಲಿ ನಿಂತಿದ್ದವಳು ನನಗಿಂತ ಚಿಕ್ಕವಳು. ತುಟಿ ಒಡೆದಿತ್ತು. ನಾನು ಇಳಿದು ಎದುರಿಗೆ ಬಂದರೂ ಅವಳ ಕೈ ಮೇಲೇ ಇತ್ತು. ಡಾಕ್ಟರು ಜಗಲಿಗೆ ಓಡಿದರು. ನಾನು ಅವಳನ್ನು ದಾಟಿ ಹೋದೆ. ಅವರ ಮೈಮೇಲೆ ಅವಳ ದುಪ್ಪಟಿ ಹೊದಿಸಿತ್ತು, ಗಲ್ಲಕ್ಕೆ ಬಟ್ಟೆ ಕಟ್ಟಿತ್ತು. ಡಾಕ್ಟರು ಮಣಿಕಟ್ಟು ಹಿಡಿದರು, ಬಿಟ್ಟರು. ಅಪ್ಪಣೆ ಸಿಕ್ಕಿದ ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಹೊತ್ತಾಗಿದೆ ತಾಯಿ," ಅಂದರು. "ಬೆಳಗ್ಗೆ ಯಾವಾಗಲೋ."

ಹಿಂದೆ ಏನೋ ಬಿದ್ದ ಸದ್ದಾಯಿತು. ಅವಳು ಬಾವುಟದ ಮೇಲೆಯೇ ಕುಸಿದಿದ್ದಳು. ಅವಳ ಹೆಸರು ಜೈನಾಬಿ ಎಂದು ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿಂದ ಮುಂದಿನದು ಹೆಚ್ಚು ಹೇಳುವುದಕ್ಕಿಲ್ಲ. ಬಸ್ಸು ದಾಟುವುದು ನಿಂತಿತು. ಜನ ಮತ್ತೆ ಗಂಟು ಹೊತ್ತು ನಡೆದರು. ಕೆಲ ವರ್ಷದ ಮೇಲೆ ಸರ್ಕಾರಗಳು ಬದಲಾದವು, ಇನ್ನೂ ಕೆಲ ವರ್ಷಕ್ಕೆ ಕೊಳ್ಳೇಗಾಲವೂ ನಮ್ಮದೇ ರಾಜ್ಯವಾಯಿತು, ಹೊಳೆ ಬರೀ ಹೊಳೆಯಾಯಿತು. ಇಮಾಂ ಸಾಬರು ಮತ್ತೆ ಬಸ್ಸಿನ ಚಕ್ರ ಮುಟ್ಟಲಿಲ್ಲ. ಸೈಕಲ್ ಅಂಗಡಿ ಇಟ್ಟುಕೊಂಡು ಜೀವನ ಮಾಡಿದರು. ಮುಂದಿನ ಆಷಾಢದಲ್ಲಿ ನಾನು ನಮ್ಮವರಿಗೆ ಎಡೆ ಇಡುವ ದಿನ ಜೈನಾಬಿ ಸೇತುವೆ ನಡೆದು ದಾಟಿ ನಮ್ಮ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಬಾಳೆಹಣ್ಣಿತ್ತು. ಒಳಗೆ ಬಾ ಅಂದೆ. ಅಂದಿನಿಂದ ಒಂದು ವರ್ಷವೂ ತಪ್ಪಿಸಲಿಲ್ಲ. ಎಡೆ ಎತ್ತಿದ ಮೇಲೆ ಇಬ್ಬರೂ ಹಿತ್ತಲಲ್ಲಿ ಕೂತು ಉಣ್ಣುತ್ತಿದ್ದೆವು. ಅವರು ಕೊನೆಗೆ ಏನಂದರು ಎಂದು ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಮಗುವಿನ ಹೆಸರು ಹೇಳಿದರು. ಬಸ್ಸಿನ ಕಂಬಳಿ ಒದ್ದೆಯಾಗುತ್ತದೆ, ಎತ್ತಿಡಿ ಅಂದರು. ನನ್ನನ್ನು ಕರೆದರು. ಪ್ರತಿ ವರ್ಷವೂ ಅದೇ ಮೂರು ಮಾತು. ನನಗೆ ಅದು ಹಳತಾಗಲಿಲ್ಲ.

ಎಡೆ ಇಡುವ ದಿನವನ್ನು ಹಿರಿಯರು ಡಾಕ್ಟರ ಮಾತಿನ ಮೇಲೆ ಗೊತ್ತುಮಾಡಿದ್ದರು, ಹಸಿರು ಕಂಡ ಆ ಬೆಳಗಿನ ತಿಥಿಗೆ. ಸತ್ತ ಹೊತ್ತು ಸರಿಯಾಗಿ ಗೊತ್ತಿರಬೇಕು, ಇಲ್ಲದಿದ್ದರೆ ಇಟ್ಟದ್ದು ಅವರಿಗೆ ಮುಟ್ಟುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ.

ಈ ಬೇಸಿಗೆಯಲ್ಲಿ ಜೈನಾಬಿಗೆ ಲಕ್ವ ಹೊಡೆಯಿತು. ನೋಡಲು ಹೋದೆ. ಮಾತು ತೊದಲುತ್ತಿತ್ತು. ಮನೆಯವರನ್ನೆಲ್ಲ ಹೊರಗೆ ಕಳಿಸಿ ನನ್ನ ಕೈ ಹಿಡಿದಳು.

"ಲಚ್ಚಮ್ಮ, ಬೋರ ಬಾವುಟ ಕೊಟ್ಟು ಓದ್ನಲ್ಲ... ಅವ್ನು ಆ ದಡ ಸೇರಿರ್ಲೂ ಇಲ್ಲ ಕಣೆ. ಅಷ್ಟೊತ್ಗೆ ನಿಮ್ಮವ್ರು ಓಗ್ಬುಟ್ಟಿದ್ರು."

ನಾನು ಸೆರಗಿನಿಂದ ಅವಳ ತುಟಿಯಂಚು ಒರೆಸಿದೆ.

"ಕೆಂಪು ಎತ್ತಿದ್ರೆ ಡಾಕ್ಟ್ರು ತಿರುಗಿ ಓಗ್ಬುಡ್ತಾರೆ ಅಂತ. ಬೋರ ಬರಕಿಲ್ಲ ಅಂತ. ನೀನೂ ಬರಕಿಲ್ಲ ಅಂತ. ನಾನೊಬ್ಳೇ ಇದ್ದೆ. ಅವ್ರನ್ನ ಮಡ್ಲಲ್ಲಿಟ್ಕಂಡು ರಾತ್ರಿಯೆಲ್ಲ ಒಬ್ಳೇ. ಭಯ ಕಣೆ, ಬೋ ಭಯ. ಯಾರಾದ್ರೂ ಬರ್ಲಿ ಅಂತ ಎತ್ದೆ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. "ಎಡೆ ಒಂದ್ ದಿನ ತಪ್ಪಾಗ್ ಇಕ್ತಾ ಇದ್ದೀಯ, ಇಷ್ಟ್ ವರ್ಸದಿಂದ. ಸರಿ ಮಾಡ್ಕೊ."

ಹೂಂ ಅಂದೆ. ಅವಳ ಕೈ ತಣ್ಣಗಿತ್ತು, ನನ್ನದೂ. ಆ ರಾತ್ರಿ ಒಂದು ದಡದಲ್ಲಿ ಅವಳು ಹೆದರಿಕೊಂಡು ಕೂತಿದ್ದಳು, ಇನ್ನೊಂದು ದಡದಲ್ಲಿ ನಾನು. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಅವಳು ಹೋದಳು. ನಮ್ಮವರ ಕೊನೆಯ ಉಸಿರನ್ನು ನೋಡಿದವರು ಈಗ ಈ ಲೋಕದಲ್ಲಿ ಯಾರೂ ಇಲ್ಲ.

ಅವಳ ನಲವತ್ತನೇ ದಿನ ಮುಗಿಸಿ ಬಂದ ವಾರಕ್ಕೇ ನಮ್ಮವರ ದಿನ ಬಂತು. ಶಿವಣ್ಣ ಎಂದಿನಂತೆ ಪಂಚಾಂಗ ನೋಡಿ, "ನಾಳಿದ್ದಲ್ವೇನವ್ವಾ?" ಅಂದ. ಒಂದು ದಿನ ಮುಂಚೆ, ನಾಳೆಯೇ ಎನ್ನಬೇಕಿತ್ತು. ಬಾಯಿಯವರೆಗೆ ಬಂತು. ನಾಳಿದ್ದೇ ಅಂದೆ. ಇಟ್ಟದ್ದು ಅವರಿಗೆ ಮುಟ್ಟುತ್ತದೋ ಇಲ್ಲವೋ ಎಂಬ ಭಯ ಈಗ ಹೊಸದಾಗಿ ಸೇರಿಕೊಂಡಿದೆ. ಆದರೂ ಆ ಒಂದು ರಾತ್ರಿ ಮತ್ತು ಒಂದು ಬೆಳಗು, ಎದೆಯಲ್ಲಿ ಹಾಲು ಕಟ್ಟಿಕೊಂಡು ನಾನು ಹೊಳೆಯ ದಡದಲ್ಲಿ ಹೆದರುತ್ತಾ ಕೂತಿದ್ದಷ್ಟು ಹೊತ್ತು, ಅವರು ನನ್ನ ಪಾಲಿಗೆ ಬದುಕಿದ್ದರು. ಅದನ್ನು ಅವರ ಆಯಸ್ಸಿನಿಂದ ಕಳೆಯಲು ನನ್ನ ಕೈಯಲ್ಲಿ ಆಗಲಿಲ್ಲ.